ದುಬಾರಿ ಟೂಲ್ ಬಾಕ್ಸ್ ಮೆಕ್ಯಾನಿಕ್‌ಗೆ ಗಿಟ್ಟುತ್ತದಾ?

ಅಮೆರಿಕದಲ್ಲಿ ಕಾರು ರಿಪೇರಿ ಕೆಲಸಕ್ಕೆ ಸೇರುವವರು ತಮ್ಮ ಸಾಮಾನು ತಾವೇ ತರಬೇಕು. ಗ್ಯಾರೇಜಿನ ಮಾಲೀಕ ಲಿಫ್ಟ್ ಕೊಡುತ್ತಾನೆ, ಕಂಪ್ರೆಸರ್ ಕೊಡುತ್ತಾನೆ, ದೊಡ್ಡ ಸ್ಕ್ಯಾನರ್ ಕೊಡುತ್ತಾನೆ. ಸ್ಪ್ಯಾನರ್, ನಟ್ಟಿನ ಮೇಲೆ ಕೂರಿಸುವ ಸಾಕೆಟ್, ಅದನ್ನು ತಿರುಗಿಸುವ ರ‍್ಯಾಚೆಟ್, ಅಳೆದು ಬಿಗಿಯುವ ಟಾರ್ಕ್ ರೆಂಚ್ ಮಾತ್ರ ಕೆಲಸಗಾರನದೇ. ಅವನ್ನೆಲ್ಲ ಇಡುವ ಪೆಟ್ಟಿಗೆಯೂ ಅವನದೇ. ಅಲ್ಲಿನ ಯಾವುದೇ ದೊಡ್ಡ ಗ್ಯಾರೇಜಿಗೆ ಹೋದರೂ ಗೋಡೆಯ ಉದ್ದಕ್ಕೂ ಮಿರಮಿರ ಮಿಂಚುವ ಕೆಂಪು, ಕಪ್ಪು, ನೀಲಿ ಪೆಟ್ಟಿಗೆಗಳ ಸಾಲು ಕಾಣುತ್ತದೆ. ಆಳೆತ್ತರ, ಅದಕ್ಕಿಂತ ಜಾಸ್ತಿ ಅಗಲ. ಕೆಲವಕ್ಕೆ ಪಕ್ಕದಲ್ಲಿ ಲಾಕರ್, ಮೇಲೆ ಇನ್ನೊಂದು ಕಪಾಟು, ಒಳಗೆ ದೀಪ, ಬ್ಯಾಟರಿ ಚಾರ್ಜ್ ಮಾಡಲು ಪ್ಲಗ್.

ಇವುಗಳ ಬೆಲೆ ಕೇಳಿದರೆ ಹೊರಗಿನವರು ಎರಡು ಸಲ ಕೇಳಿಸಿಕೊಳ್ಳುತ್ತಾರೆ. ಸ್ನ್ಯಾಪ್-ಆನ್ ಕಂಪನಿಯ ಎಪಿಕ್ ಸಾಲಿನ ದೊಡ್ಡ ಪೆಟ್ಟಿಗೆಗಳು 10,000 ಡಾಲರ್ ಮೀರುತ್ತವೆ. ಲಾಕರ್, ಕಪಾಟು ಸೇರಿಸುತ್ತ ಹೋದರೆ 20,000 ದಾಟುವುದೂ ಉಂಟು. ಹೆಚ್ಚುಕಮ್ಮಿ ಅಷ್ಟೇ ಅಗಲದ ಪೆಟ್ಟಿಗೆಯನ್ನು ಹಾರ್ಬರ್ ಫ್ರೈಟ್ ಎಂಬ ಅಗ್ಗದ ಸಾಮಾನಿನ ಅಂಗಡಿ ಸರಣಿ 1,500 ಡಾಲರ್‌ನ ಆಸುಪಾಸಿಗೆ ಮಾರುತ್ತದೆ. ಎರಡರಲ್ಲೂ ಡ್ರಾಯರ್ ಇದೆ, ಬೀಗ ಇದೆ, ಚಕ್ರ ಇದೆ. ಹಾಗಾದರೆ ಉಳಿದ ಹತ್ತು ಸಾವಿರ ಯಾತಕ್ಕೆ?

ತಗಡಿನ ಗುಣ ಚೆನ್ನಾಗಿದೆ, ಅದಕ್ಕೆ ಬೆಲೆ ಜಾಸ್ತಿ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಅದು ಸುಳ್ಳೂ ಅಲ್ಲ. ಆದರೆ ಪೆಟ್ಟಿಗೆ ಹೇಗೆ ಮಾರಾಟವಾಗುತ್ತದೆ ಅನ್ನುವುದನ್ನು ನೋಡದೆ ಬೆಲೆ ಅರ್ಥವಾಗುವುದಿಲ್ಲ.

ಬಾಗಿಲಿಗೇ ಬರುವ ಅಂಗಡಿ, ಬಾಗಿಲಿಗೇ ಬರುವ ಸಾಲ

ಅಮೆರಿಕದ ಮೆಕ್ಯಾನಿಕ್‌ಗಳು ಅಂಗಡಿಗೆ ಹೋಗಬೇಕಾಗಿಯೇ ಇಲ್ಲ. ಅಂಗಡಿಯೇ ಟ್ರಕ್ಕಿನಲ್ಲಿ ಕೂತು ವಾರಕ್ಕೊಮ್ಮೆ ಗ್ಯಾರೇಜಿಗೆ ಬರುತ್ತದೆ. ಇದನ್ನು ಟೂಲ್ ಟ್ರಕ್ ಅನ್ನುತ್ತಾರೆ. ಈ ವ್ಯಾಪಾರದಲ್ಲಿ ನಾಲ್ಕು ಹೆಸರು ದೊಡ್ಡವು: 1919ರಲ್ಲಿ ಶುರುವಾದ ಕಾರ್ನ್‌ವೆಲ್, 1920ರ ಸ್ನ್ಯಾಪ್-ಆನ್, 1938ರ ಮ್ಯಾಕ್, 1979ರ ಮ್ಯಾಟ್ಕೊ. ಟ್ರಕ್ ಓಡಿಸುವವನು ಕಂಪನಿಯ ನೌಕರನಲ್ಲ, ಫ್ರಾಂಚೈಸಿ ತೆಗೆದುಕೊಂಡ ಸಣ್ಣ ವ್ಯಾಪಾರಿ. ಅವನಿಗೆ ತನ್ನ ದಾರಿಯ ಪ್ರತಿ ಗ್ಯಾರೇಜು ಗೊತ್ತು, ಪ್ರತಿ ಮೆಕ್ಯಾನಿಕ್ ಗೊತ್ತು, ಯಾರ ರ‍್ಯಾಚೆಟ್ ಹಲ್ಲು ಸವೆದಿದೆ ಅನ್ನುವುದೂ ಗೊತ್ತು.

ಇದರಲ್ಲಿ ನಿಜವಾದ ಅನುಕೂಲ ಇದೆ. ಸಾಕೆಟ್ ಒಡೆದರೆ ಮುಂದಿನ ವಾರ ಟ್ರಕ್ಕಿನಲ್ಲೇ ಬದಲಿ ಸಿಗುತ್ತದೆ. ಕೆಲಸ ಬಿಟ್ಟು ಎಲ್ಲಿಗೂ ಓಡಬೇಕಿಲ್ಲ. ಸಣ್ಣಪುಟ್ಟ ಸಾಮಾನನ್ನು ಟ್ರಕ್ಕಿನವನು ತನ್ನ ಕೈಯಿಂದಲೇ ಸಾಲ ಕೊಡುತ್ತಾನೆ, ವಾರವಾರ ಇಷ್ಟಿಷ್ಟು ಅಂತ ತೀರಿಸಿಕೊಳ್ಳುತ್ತಾನೆ, ಸಾಮಾನ್ಯವಾಗಿ ಬಡ್ಡಿಯೂ ಹಾಕುವುದಿಲ್ಲ. ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ಲೆಕ್ಕದ ಪುಸ್ತಕವೇ ಬದಲಾಗುತ್ತದೆ. ಅಷ್ಟು ದೊಡ್ಡ ಮೊತ್ತ ಅವನ ಕೈಸಾಲಕ್ಕೆ ನಿಲುಕುವುದಿಲ್ಲ. ಅದು ಕಂಪನಿಯ ಸಾಲದ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಬಡ್ಡಿ ಇದೆ.

ಎಷ್ಟು ಬಡ್ಡಿ? ಸ್ನ್ಯಾಪ್-ಆನ್ ಷೇರು ಮಾರುಕಟ್ಟೆಯಲ್ಲಿರುವ ಕಂಪನಿ, ಹಾಗಾಗಿ ಲೆಕ್ಕ ಬಯಲಲ್ಲೇ ಇದೆ. ಗ್ರಾಹಕರಿಗೆ ಕೊಟ್ಟ ಸಾಲದಿಂದ ಅದಕ್ಕೆ ಬರುವ ಸರಾಸರಿ ಹುಟ್ಟುವಳಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಶೇ. 17ರಿಂದ 18. ಈ ಸಾಲದ ವಿಭಾಗ ಒಂದರಿಂದಲೇ 2021ರಿಂದೀಚೆಗೆ ವರ್ಷಕ್ಕೆ 25 ಕೋಟಿ ಡಾಲರ್‌ಗೂ ಜಾಸ್ತಿ ಲಾಭ ಬರುತ್ತಿದೆ. ಕಂಪನಿ ಸ್ಪ್ಯಾನರ್ ಮಾರುತ್ತದೆ, ನಿಜ. ಸಾಲವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾರುತ್ತದೆ.

ಟ್ರಕ್ಕಿನ ಮೆಟ್ಟಿಲ ಮೇಲೆ ನಿಂತವನಿಗೆ ಯಾರೂ 12,000 ಡಾಲರ್ ಅಂತ ಹೇಳುವುದಿಲ್ಲ. ವಾರಕ್ಕೆ 80 ಡಾಲರ್ ಅನ್ನುತ್ತಾರೆ. ಕೇಳಲು ಹಗುರ. ಹಳೆಯ ಪೆಟ್ಟಿಗೆ ವಾಪಸ್ ತೆಗೆದುಕೊಂಡು ಅದರ ಬೆಲೆ ಮುರಿದುಕೊಳ್ಳುತ್ತೇವೆ ಅಂದರೆ ಇನ್ನೂ ಹಗುರ. ಹಳೆಯದರ ಸಾಲ ಪೂರ್ತಿ ತೀರಿರದಿದ್ದರೂ ಚಿಂತೆ ಇಲ್ಲ, ಉಳಿದದ್ದನ್ನು ಹೊಸ ಸಾಲಕ್ಕೆ ಸೇರಿಸಿದರಾಯಿತು. ಕಂತು ಅಷ್ಟೇ ಇರುತ್ತದೆ, ವರ್ಷಗಳು ಮಾತ್ರ ಬೆಳೆಯುತ್ತವೆ.

ಒಂದು ಲೆಕ್ಕ ಹಾಕೋಣ

12,000 ಡಾಲರ್‌ನ ಪೆಟ್ಟಿಗೆ. ಶೇ. 17.5 ಬಡ್ಡಿ. ನಾಲ್ಕು ವರ್ಷದ ಸಾಲ. ತಿಂಗಳ ಕಂತು ಸುಮಾರು 350 ಡಾಲರ್ ಬರುತ್ತದೆ, ಅಂದರೆ ವಾರಕ್ಕೆ 80ರ ಲೆಕ್ಕ. ನಾಲ್ಕು ವರ್ಷ ಮುಗಿಯುವಾಗ ಕಟ್ಟಿದ್ದು ಸುಮಾರು 16,770 ಡಾಲರ್. ಬಡ್ಡಿಯೇ 4,770. ಆ ಬಡ್ಡಿ ದುಡ್ಡಿನಲ್ಲೇ ಮೂರು ಅಗ್ಗದ ಪೆಟ್ಟಿಗೆ ಬರುತ್ತಿತ್ತು.

ಈಗ ದುಡಿಮೆಯ ಕಡೆ ನೋಡೋಣ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಆಟೊ ಮೆಕ್ಯಾನಿಕ್‌ಗಳ ನಡುವಿನ ವರಮಾನ ವರ್ಷಕ್ಕೆ 47,770 ಡಾಲರ್. ಅರ್ಧದಷ್ಟು ಜನ ಇದಕ್ಕಿಂತ ಕಡಿಮೆ ದುಡಿಯುತ್ತಾರೆ, ಇನ್ನರ್ಧ ಜಾಸ್ತಿ. ಗಂಟೆಗೆ 23 ಡಾಲರ್‌ಗೆ ಮೂರು ಸೆಂಟ್ ಕಡಿಮೆ. ತೆರಿಗೆ ಕಳೆಯುವ ಮೊದಲೇ ವಾರಕ್ಕೆ 920 ಡಾಲರ್‌ಗಿಂತ ಕಡಿಮೆ. ಅದರಲ್ಲಿ 80 ಡಾಲರ್ ಪೆಟ್ಟಿಗೆಗೆ ಹೋದರೆ ದುಡಿಮೆಯ ಸುಮಾರು ಶೇ. 9ರಷ್ಟು ನಾಲ್ಕು ವರ್ಷ ಕಾಲ ಖಾಲಿ ತಗಡಿಗೇ ಹೋದ ಹಾಗೆ. ಅದರೊಳಗೆ ಇಡುವ ಸಾಮಾನಿನ ಕಂತು ಬೇರೆ.

ದುಬಾರಿ ಪೆಟ್ಟಿಗೆ ಸಮಯ ಉಳಿಸುತ್ತದೆ, ಸಮಯ ಅಂದರೆ ದುಡ್ಡು ಅಂತ ಹೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಿನ ಬಹಳಷ್ಟು ಗ್ಯಾರೇಜುಗಳಲ್ಲಿ ಫ್ಲಾಟ್ ರೇಟ್ ಪದ್ಧತಿ ಇದೆ. ಒಂದು ಕೆಲಸಕ್ಕೆ ಪುಸ್ತಕದಲ್ಲಿ ಎರಡು ಗಂಟೆ ಅಂತಿದ್ದರೆ ಎರಡು ಗಂಟೆಯ ಕೂಲಿ ಕೊಡುತ್ತಾರೆ. ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ಅರ್ಧ ಗಂಟೆ ಲಾಭ. ಮೂರು ಗಂಟೆ ಹಿಡಿದರೆ ಒಂದು ಗಂಟೆ ಬಿಟ್ಟಿ ದುಡಿಮೆ. ಹತ್ತು ಮಿಲಿಮೀಟರ್ ಸಾಕೆಟ್ ಹುಡುಕುತ್ತ ಕಳೆದ ಪ್ರತಿ ನಿಮಿಷವೂ ಮೆಕ್ಯಾನಿಕ್‌ನ ಜೇಬಿನಿಂದಲೇ ಹೋಗುತ್ತದೆ.

ಸರಿ, ಹಾಗಾದರೆ ಎಷ್ಟು ನಿಮಿಷ ಉಳಿಯಬೇಕು? 16,770ರಿಂದ ಅಗ್ಗದ ಪೆಟ್ಟಿಗೆಯ 1,500 ಕಳೆದರೆ 15,270 ಡಾಲರ್ ವ್ಯತ್ಯಾಸ. ಗಂಟೆಗೆ 23 ಡಾಲರ್‌ನಂತೆ ಅದು ಸುಮಾರು 665 ಗಂಟೆಯ ದುಡಿಮೆ. ವರ್ಷಕ್ಕೆ 250 ದಿನ ಕೆಲಸ, ಪೆಟ್ಟಿಗೆ 20 ವರ್ಷ ಬಾಳುತ್ತದೆ ಅಂದುಕೊಂಡರೆ ದಿನಕ್ಕೆ 8 ನಿಮಿಷ ಉಳಿಯಬೇಕು. 10 ವರ್ಷಕ್ಕೇ ಬದಲಾಯಿಸಿದರೆ ದಿನಕ್ಕೆ 16 ನಿಮಿಷ. ತೆರಿಗೆ ಕಳೆದು ಕೈಗೆ ಬರುವ ದುಡ್ಡಿನಲ್ಲಿ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ.

ಎಂಟು ನಿಮಿಷ ದೊಡ್ಡದಲ್ಲ ಅನ್ನಿಸಬಹುದು. ಆದರೆ ಇಲ್ಲಿ ಹೋಲಿಸಬೇಕಾದ್ದು ದುಬಾರಿ ಪೆಟ್ಟಿಗೆಯನ್ನು ಹರಕು ಪೆಟ್ಟಿಗೆಗಲ್ಲ. ಅಷ್ಟೇ ಅಗಲದ, ಅಷ್ಟೇ ಡ್ರಾಯರ್ ಇರುವ ಅಗ್ಗದ ಪೆಟ್ಟಿಗೆಗೆ. ಎರಡರಲ್ಲೂ ಸಾಮಾನನ್ನು ಒಂದೇ ರೀತಿ ಜೋಡಿಸಿದ್ದೀರಿ ಅಂದುಕೊಳ್ಳಿ. ಆಗ ಬರೀ ಹೆಸರಿನ ಪೆಟ್ಟಿಗೆ ದಿನಕ್ಕೆ ಎಂಟು ನಿಮಿಷ ಹೇಗೆ ಉಳಿಸುತ್ತದೆ? ಡ್ರಾಯರ್ ನಯವಾಗಿ ಜಾರುವುದರಿಂದ ಒಂದೆರಡು ಸೆಕೆಂಡ್ ಉಳಿಯಬಹುದು. ಅಷ್ಟು ಸೆಕೆಂಡ್ ಸೇರಿ ಎಂಟು ನಿಮಿಷ ಆಗಬೇಕಾದರೆ ದಿನಕ್ಕೆ ನೂರಾರು ಸಲ ಡ್ರಾಯರ್ ಎಳೆಯಬೇಕು. ಅಷ್ಟು ಸಲ ಎಳೆಯುವವನ ತೊಂದರೆ ಪೆಟ್ಟಿಗೆಯಲ್ಲಿಲ್ಲ, ಅವನು ಜೋಡಿಸಿದ ರೀತಿಯಲ್ಲಿದೆ.

ಅಗ್ಗದ್ದು ಬೇಗ ಹಾಳಾಗುತ್ತದಲ್ವಾ? ಆಗಲಿ. ಐದು ವರ್ಷಕ್ಕೊಂದು ಹಾಳಾಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಇಪ್ಪತ್ತು ವರ್ಷಕ್ಕೆ ನಾಲ್ಕು ಪೆಟ್ಟಿಗೆ, ಇವತ್ತಿನ ಬೆಲೆಯಲ್ಲಿ 6,000 ಡಾಲರ್. ಆಗಲೂ ಅರ್ಧದಷ್ಟೂ ಆಗಲಿಲ್ಲ.

ತಗಡು, ಹಳಿ, ಚಕ್ರ

ಹಾಗಂತ ದುಬಾರಿ ಪೆಟ್ಟಿಗೆ ಬರೀ ಬಣ್ಣದ ಮೋಸ ಅನ್ನುವುದೂ ತಪ್ಪು. ಸ್ನ್ಯಾಪ್-ಆನ್ ತನ್ನ ಪೆಟ್ಟಿಗೆಗಳನ್ನು ಅಯೋವಾ ರಾಜ್ಯದ ಅಲ್ಗೋನಾ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ಮಾಡುತ್ತದೆ. ಅಲ್ಲಿ ಮಾಡಿದ್ದು ಗಟ್ಟಿಯಾಗಿರುತ್ತದೆ. ಎಲ್ಲಿ ಗಟ್ಟಿ, ಆ ಗಟ್ಟಿತನ ಯಾರಿಗೆ ಬೇಕು ಅನ್ನುವುದನ್ನು ಬಿಡಿಸಿ ನೋಡಬೇಕು.

ಮೊದಲು ತಗಡು. ಇದರ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಇಳಿದಷ್ಟೂ ತಗಡು ದಪ್ಪ, ಇದು ಹೊಸಬರನ್ನು ಯಾವಾಗಲೂ ಗೊಂದಲಕ್ಕೆ ಹಾಕುತ್ತದೆ. 20 ಗೇಜ್ ಉಕ್ಕಿನ ತಗಡು ಸುಮಾರು 0.9 ಮಿಲಿಮೀಟರ್. 18 ಗೇಜ್ ಅಂದರೆ 1.2. 14 ಗೇಜ್ ಅಂದರೆ 1.9. ಒಂದು ಮಿಲಿಮೀಟರಿನ ಕಾಲು ಭಾಗ, ಮೂರನೇ ಒಂದು ಭಾಗದಲ್ಲಿ ಏನಿದೆ ಅಂತ ಅನ್ನಿಸುತ್ತದೆ. ಆದರೆ ಚಪ್ಪಟೆ ತಗಡು ಬಾಗದೆ ನಿಲ್ಲುವ ಬಲ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 20ರಿಂದ 18 ಗೇಜ್‌ಗೆ ಬಂದರೆ ಬಿಗಿ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ. ಅಂಚನ್ನು ಹೇಗೆ ಮಡಿಸಿದ್ದಾರೆ, ಗೋಡೆ ಒಂದು ಪದರವೋ ಎರಡೋ, ಮೂಲೆಗೆ ಎಲ್ಲೆಲ್ಲಿ ಬೆಸುಗೆ ಹಾಕಿದ್ದಾರೆ, ಇವು ಗೇಜ್ ಸಂಖ್ಯೆಗಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತವೆ. ಅಗ್ಗದ ಪೆಟ್ಟಿಗೆಯ ಜಾಹೀರಾತಿನಲ್ಲಿ ಗೇಜ್ ದೊಡ್ಡದಾಗಿ ಬರೆದಿರುತ್ತಾರೆ. ಅದು ಹೊರಗಿನ ಕವಚದ್ದೋ ಡ್ರಾಯರಿನ ತಳದ್ದೋ ಅಂತ ಕೇಳಿ ನೋಡಿ.

ಇನ್ನು ಡ್ರಾಯರಿನ ಹಳಿ. ಪೆಟ್ಟಿಗೆಯ ಜೀವ ಇರುವುದು ಇಲ್ಲೇ. ಹಳೆಯ ಸಣ್ಣ ಪೆಟ್ಟಿಗೆಗಳಲ್ಲಿ ತಗಡಿನ ಮೇಲೆ ತಗಡು ಉಜ್ಜುತ್ತಿತ್ತು. ಈಗ ಅಗ್ಗದವುಗಳಲ್ಲೂ ಬಾಲ್ ಬೇರಿಂಗ್ ಹಳಿ ಬಂದಿದೆ. ಒಂದು ಜೋಡಿ ಹಳಿ 100 ಪೌಂಡ್, ಅಂದರೆ 45 ಕಿಲೋ ಹೊರುತ್ತದೆ ಅಂತ ಬರೆದಿರುವುದು ಸಾಮಾನ್ಯ. ಅಗಲದ ಡ್ರಾಯರ್‌ಗೆ ಎರಡು ಜೋಡಿ ಹಾಕಿ 200 ಪೌಂಡ್ ಅನ್ನುತ್ತಾರೆ. ಈ ಅಂಕಿ ತೂಕ ಸಮವಾಗಿ ಹರಡಿದಾಗಿನದು. ಗ್ಯಾರೇಜಿನಲ್ಲಿ ಯಾರೂ ತೂಕ ಸಮವಾಗಿ ಹರಡುವುದಿಲ್ಲ. ಭಾರದ ಇಂಪ್ಯಾಕ್ಟ್ ಸಾಕೆಟ್‌ಗಳೆಲ್ಲ ಒಂದು ಮೂಲೆಗೆ ಸೇರಿರುತ್ತವೆ, ಎಡಗೈಯಲ್ಲಿ ಹಿಡಿಕೆಯ ಒಂದು ತುದಿ ಹಿಡಿದು ಓರೆಯಾಗಿ ಎಳೆಯುತ್ತಾರೆ, ಮುಚ್ಚುವಾಗ ಮೊಣಕಾಲಿನಲ್ಲಿ ತಳ್ಳುತ್ತಾರೆ.

ಅಂಗಡಿಯಲ್ಲಿ ಖಾಲಿ ಡ್ರಾಯರ್ ಎಳೆದು ನೋಡಿದರೆ ಎಲ್ಲವೂ ಬೆಣ್ಣೆಯಂತೆ ಜಾರುತ್ತವೆ. ತುಂಬಿದ ಡ್ರಾಯರನ್ನು ಪೂರ್ತಿ ಹೊರಗೆಳೆದು ಮುಂದಿನ ಅಂಚಿನ ಮೇಲೆ ಕೈಯೂರಿ ನೋಡಬೇಕು. ಒಳ್ಳೆಯ ಪೆಟ್ಟಿಗೆಯಲ್ಲಿ ಅಂಚು ಅಲುಗುವುದಿಲ್ಲ. ಸಾಧಾರಣದ್ದರಲ್ಲಿ ಅಂಚು ಬೆರಳಿನ ದಪ್ಪದಷ್ಟು ಕೆಳಗೆ ಬಾಗುತ್ತದೆ, ತಳದ ತಗಡು ಹೊಟ್ಟೆ ಬಿಡುತ್ತದೆ, ವಾಪಸ್ ತಳ್ಳುವಾಗ ಹಿಂದಿನ ಮೂಲೆಯಲ್ಲಿ ಕಟಕಟ ಅನ್ನುತ್ತದೆ. ಆ ಕಟಕಟ ಶುರುವಾದರೆ ಬೇರಿಂಗ್ ಗುಂಡುಗಳ ಪಟ್ಟಿ ಸೊಟ್ಟಗಾಗುತ್ತಿದೆ ಅಂತ ತಿಳಿಯಬೇಕು.

ಚಕ್ರದ ವಿಷಯಕ್ಕೆ ಜನ ಗಮನವನ್ನೇ ಕೊಡುವುದಿಲ್ಲ. ತುಂಬಿದ ದೊಡ್ಡ ಪೆಟ್ಟಿಗೆ ಅರ್ಧ ಟನ್ ಸುಲಭವಾಗಿ ತೂಗುತ್ತದೆ. ಗ್ಯಾರೇಜಿನ ನೆಲದಲ್ಲಿ ಬಿರುಕು, ನೀರು ಹೋಗುವ ಜಾಲರಿ, ಬಾಗಿಲ ಹತ್ತಿರದ ಹೊಸ್ತಿಲು ಎಲ್ಲ ಇರುತ್ತವೆ. ಸಣ್ಣ ಚಕ್ರ ಅಲ್ಲಿ ಸಿಕ್ಕಿಕೊಂಡರೆ ಪೆಟ್ಟಿಗೆ ಮುಂದಕ್ಕೆ ವಾಲುತ್ತದೆ. ಮೇಲಿನ ಎರಡು ಮೂರು ಡ್ರಾಯರ್ ಒಟ್ಟಿಗೇ ತೆರೆದಿಟ್ಟರೂ ಅದೇ ಅಪಾಯ. ಅರ್ಧ ಟನ್ ಉಕ್ಕು ಮೈಮೇಲೆ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ತಂದಿಟ್ಟಲ್ಲೇ ಹತ್ತು ವರ್ಷ ನಿಲ್ಲುವ ಪೆಟ್ಟಿಗೆಗೆ ಈ ಚಕ್ರದ ಮೇಲೆ ದುಡ್ಡು ಸುರಿಯುವುದು ದಂಡ. ವಾರಕ್ಕೊಮ್ಮೆ ಜಾಗ ಬದಲಿಸಬೇಕಾದರೆ ಅದೇ ಮುಖ್ಯ.

ಹಾಗಾಗಿ ಗಟ್ಟಿ ಪೆಟ್ಟಿಗೆ ಬೇಕಾದವರು ಇದ್ದಾರೆ. ಲಾರಿ, ಟ್ರ್ಯಾಕ್ಟರ್, ಗಣಿ ಯಂತ್ರ ರಿಪೇರಿ ಮಾಡುವವರ ಸ್ಪ್ಯಾನರ್‌ಗಳು ಮೊಣಕೈ ಉದ್ದ ಇರುತ್ತವೆ. ಅವರ ಒಂದೊಂದು ಡ್ರಾಯರ್ 50 ಕಿಲೋ ದಾಟುವುದು ಕಷ್ಟವೇನಲ್ಲ. ಅವರ ಕೈಯಲ್ಲಿ ಸಾಧಾರಣ ಹಳಿ ಬಾಳುವುದಿಲ್ಲ. ಬ್ರೇಕು, ಸಸ್ಪೆನ್ಷನ್, ಆಯಿಲ್ ಬದಲಾವಣೆ ಮಾಡುವ ಕಾರಿನ ಮೆಕ್ಯಾನಿಕ್‌ಗೆ ಅಷ್ಟು ಬಲ ಬೇಕಾಗುವುದು ಎರಡು ಮೂರು ಡ್ರಾಯರ್‌ಗೆ ಮಾತ್ರ.

ಅಗ್ಗದ್ದು ಮೊದಲಿನಷ್ಟು ಅಗ್ಗದ್ದಲ್ಲ

ಹಿಂದೆ ಆಯ್ಕೆ ಸುಲಭವಿತ್ತು. ಒಂದು ಕಡೆ ಟೂಲ್ ಟ್ರಕ್ಕಿನ ಗಟ್ಟಿ ಪೆಟ್ಟಿಗೆ, ಇನ್ನೊಂದು ಕಡೆ ಮನೆಬಳಕೆಯ ತೆಳು ಡಬ್ಬ. ನಡುವೆ ಹೆಚ್ಚೇನೂ ಇರಲಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಹಾರ್ಬರ್ ಫ್ರೈಟ್ ತನ್ನ ಯು.ಎಸ್. ಜನರಲ್ ಹೆಸರಿನ ಪೆಟ್ಟಿಗೆಗಳನ್ನು ಹಂತಹಂತವಾಗಿ ಸುಧಾರಿಸುತ್ತ ಬಂತು. ಅದರ ಮೇಲೆ ಐಕಾನ್ ಅನ್ನುವ ಇನ್ನೊಂದು ಸಾಲನ್ನೂ ತಂದಿತು. ಹೋಮ್ ಡಿಪೊ ಅಂಗಡಿಯ ಹಸ್ಕಿ ಪೆಟ್ಟಿಗೆಗಳೂ ಹಾಗೇ ಬೆಳೆದವು. ಈಗ ಆ ನಡುವಿನ ಜಾಗ ತುಂಬಿಹೋಗಿದೆ. ಟ್ರಕ್ಕಿನ ಪೆಟ್ಟಿಗೆಯ ಹತ್ತನೇ ಒಂದು ಬೆಲೆಗೆ ಅದರ ಹತ್ತನೇ ಒಂದು ಗುಣ ಸಿಗುತ್ತದೆ ಅನ್ನುವ ಕಾಲ ಹೋಯಿತು. ಮುಕ್ಕಾಲು ಪಾಲು ಗುಣ ಸಿಗುತ್ತದೆ ಅಂತ ನನ್ನ ಅಂದಾಜು. ಇದನ್ನು ಅಳೆಯಲು ತಕ್ಕಡಿ ಇಲ್ಲ ಬಿಡಿ.

ಬೆಲೆ ಹೀಗೇ ನಿಲ್ಲುತ್ತದೆ ಅನ್ನುವಂತಿಲ್ಲ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಹೊರದೇಶದಿಂದ ಬರುತ್ತವೆ. ಅಮೆರಿಕ 2025ರ ಮಾರ್ಚ್‌ನಲ್ಲಿ ಉಕ್ಕಿನ ಆಮದಿನ ಮೇಲೆ ಶೇ. 25 ಸುಂಕ ಹಾಕಿ ಜೂನ್‌ನಲ್ಲಿ ಅದನ್ನು ಶೇ. 50ಕ್ಕೆ ಏರಿಸಿತು. ಉಕ್ಕು ತುಟ್ಟಿಯಾದರೆ ತಗಡಿನ ಪೆಟ್ಟಿಗೆ ತುಟ್ಟಿಯಾಗದೆ ಇರುತ್ತದಾ? ಅದು ಅಲ್ಲೇ ತಯಾರಾಗುವ ಪೆಟ್ಟಿಗೆಗೂ ತಟ್ಟುತ್ತದೆ, ಹೊರಗಿನಿಂದ ಬರುವುದಕ್ಕೂ ತಟ್ಟುತ್ತದೆ. ಆದರೂ ಹತ್ತು ಪಟ್ಟಿನ ಅಂತರ ಇದರಿಂದ ಮುಚ್ಚಿಹೋಗುವುದಿಲ್ಲ.

ಸಮಯ ಉಳಿಯುವುದು ಎಲ್ಲಿ

ಮೆಕ್ಯಾನಿಕ್‌ನ ಸಮಯ ಹೋಗುವುದು ಡ್ರಾಯರ್ ಎಳೆಯುವುದರಲ್ಲಲ್ಲ. ಕಾರಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕಾರಿಗೆ ನಡೆಯುವುದರಲ್ಲಿ. ಹದಿನೈದು ಹೆಜ್ಜೆ ಹೋಗಿ, ಸಾಕೆಟ್ ತಂದು, ಅದು ಸರಿಹೊಂದದೆ ಮತ್ತೆ ಹೋಗಿ ಬರುವುದರಲ್ಲಿ. ಇದಕ್ಕೆ ಮದ್ದು ದೊಡ್ಡ ಪೆಟ್ಟಿಗೆ ಅಲ್ಲವೇ ಅಲ್ಲ. ನಾಲ್ಕೈದು ಡ್ರಾಯರಿನ ಸಣ್ಣ ತಳ್ಳುಗಾಡಿ. ಕೆಲವೇ ನೂರು ಡಾಲರ್‌ಗೆ ಸಿಗುತ್ತದೆ. ದಿನಾ ಬೇಕಾಗುವ ಸಾಮಾನು ಅದರಲ್ಲಿದ್ದು, ಅದು ಕಾರಿನ ಪಕ್ಕದಲ್ಲೇ ನಿಂತರೆ ಉಳಿಯುವ ನಿಮಿಷ ಮೇಲಿನ ಎಂಟನ್ನು ಆರಾಮಾಗಿ ದಾಟುತ್ತದೆ. ಹಾಗೆ ನೋಡಿದರೆ ಇಪ್ಪತ್ತು ಸಾವಿರದ ಪೆಟ್ಟಿಗೆ ಇಟ್ಟುಕೊಂಡವರು ಕೂಡ ದಿನದ ಕೆಲಸವನ್ನೆಲ್ಲ ತಳ್ಳುಗಾಡಿಯಿಂದಲೇ ಮಾಡುತ್ತಾರೆ. ದೊಡ್ಡದು ಗೋಡೆಗೆ ಒರಗಿ ನಿಂತ ಉಗ್ರಾಣ ಅಷ್ಟೇ.

ಇನ್ನೊಂದು, ಖಾಲಿ ಜಾಗ ಕಣ್ಣಿಗೆ ಹೊಡೆಯುವಂತೆ ಜೋಡಿಸುವುದು. ಡ್ರಾಯರಿನ ತಳಕ್ಕೆ ದಪ್ಪ ಫೋಮ್ ಹಾಸಿ ಪ್ರತಿ ಸ್ಪ್ಯಾನರಿನ ಆಕಾರಕ್ಕೆ ಕೊರೆಯುತ್ತಾರೆ. ಮೇಲಿನ ಪದರ ಕಪ್ಪು, ಕೆಳಗಿನದು ಹಳದಿ ಅಥವಾ ಕೆಂಪು. ಒಂದು ಸಾಮಾನು ವಾಪಸ್ ಬರದಿದ್ದರೆ ಆ ಜಾಗದಲ್ಲಿ ಬಣ್ಣ ಎದ್ದು ಕಾಣುತ್ತದೆ. ಡ್ರಾಯರ್ ಮುಚ್ಚುವ ಮೊದಲೇ ಗೊತ್ತಾಗುತ್ತದೆ, ಹದಿಮೂರರ ಸ್ಪ್ಯಾನರ್ ಇನ್ನೂ ಇಂಜಿನ್ ಮೇಲೆ ಕೂತಿದೆ ಅಂತ.

ವಿಮಾನ ರಿಪೇರಿಯಲ್ಲಿ ಇದು ಪ್ರಾಣದ ಪ್ರಶ್ನೆ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಸ್‌ನ ಎ380 ವಿಮಾನದ ಇಂಜಿನ್ ತಪಾಸಣೆ ಆಯಿತು. ಇಂಜಿನನ್ನು ತಿರುಗಿಸಲು ಬಳಸಿದ 1.25 ಮೀಟರ್ ಉದ್ದದ ನೈಲಾನ್ ಸಾಧನ ಒಳಗೇ ಉಳಿದುಬಿಟ್ಟಿತು. ಅದನ್ನು ಹೊತ್ತುಕೊಂಡೇ ವಿಮಾನ 34 ಸಲ ಹಾರಿತು, ಸುಮಾರು 294 ಗಂಟೆ. 2024ರ ಜನವರಿ 1ರಂದು ಮುಂದಿನ ತಪಾಸಣೆಯಲ್ಲಿ ಅದು ಸಿಕ್ಕಿತು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ, ಸಾಧನ ಕಾಣೆಯಾಗಿದ್ದರೂ ಅದನ್ನು ಹುಡುಕುವ ವಿಧಾನವನ್ನು ಶುರು ಮಾಡದೆಯೇ ವಿಮಾನವನ್ನು ಹಾರಲು ಬಿಟ್ಟರು ಅಂತ ಹೇಳಿತು. ಒಂದೂಕಾಲು ಮೀಟರಿನ ಸಾಧನವೇ ಹೀಗೆ ಕಣ್ತಪ್ಪುತ್ತದೆ ಅಂದರೆ ಸಾಕೆಟ್‌ನ ಪಾಡೇನು!

ಇಂಥ ಕಡೆ ದುಬಾರಿ ಪೆಟ್ಟಿಗೆಗೆ ಅರ್ಥ ಇದೆ. ಸ್ನ್ಯಾಪ್-ಆನ್ ಕ್ಯಾಮೆರಾ ಇರುವ ಪೆಟ್ಟಿಗೆಗಳನ್ನೂ ಮಾಡುತ್ತದೆ. ಯಾರು ಯಾವ ಡ್ರಾಯರಿನಿಂದ ಏನು ತೆಗೆದರು, ಏನು ಇಟ್ಟರು ಅಂತ ಅದೇ ದಾಖಲಿಸಿಕೊಳ್ಳುತ್ತದೆ. ಆದರೆ ಅದನ್ನು ಕೊಳ್ಳುವುದು ಸಂಸ್ಥೆ. ಕಾರಿನ ಮೆಕ್ಯಾನಿಕ್‌ಗೆ ಬೇಕಾದ್ದು ಅದರ ಹಿಂದಿನ ವಿಚಾರ, ಅದಕ್ಕೆ ಎರಡು ಬಣ್ಣದ ಫೋಮ್ ಮತ್ತು ಚೂಪು ಚಾಕು ಸಾಕು. ಒಂದು ಭಾನುವಾರ ಅದಕ್ಕೆ ಹೋಗುತ್ತದೆ.

ತೆರಿಗೆಯೂ ಕೈ ಹಿಡಿಯುವುದಿಲ್ಲ

ಟ್ರಕ್ಕಿನ ಹತ್ತಿರ ಈಗಲೂ ಕೇಳಿಬರುವ ಮಾತು ಒಂದಿದೆ: ತೆರಿಗೆಯ ಲೆಕ್ಕದಲ್ಲಿ ಇದನ್ನು ಖರ್ಚು ಅಂತ ಕಳೆಯಬಹುದು ಬಿಡು. ಸಂಬಳಕ್ಕೆ ದುಡಿಯುವ ಮೆಕ್ಯಾನಿಕ್‌ಗೆ ಇದು ಹಳೆಯ ಕಥೆ. 2017ರ ತೆರಿಗೆ ಕಾನೂನು ನೌಕರರು ಕೆಲಸಕ್ಕೆಂದು ಕೈಯಿಂದ ಹಾಕಿದ ಖರ್ಚಿನ ವಿನಾಯಿತಿಯನ್ನು 2018ರಿಂದ ನಿಲ್ಲಿಸಿತು. 2025ರ ಜುಲೈನ ಕಾನೂನು ಅದನ್ನು ಶಾಶ್ವತ ಮಾಡಿತು. ಸ್ವಂತ ಗ್ಯಾರೇಜು ನಡೆಸುವವರಿಗೆ ಮಾತ್ರ ಪೆಟ್ಟಿಗೆ ವ್ಯಾಪಾರದ ಖರ್ಚಾಗುತ್ತದೆ. ಅದೇ ಪೆಟ್ಟಿಗೆ, ಅದೇ ಬೆಲೆ. ಮಾಲೀಕನಿಗೆ ಒಂದು ಲೆಕ್ಕ, ಆಳಿಗೆ ಇನ್ನೊಂದು.

ಕ್ಯಾಲಿಫೋರ್ನಿಯಾ ಒಂದು ಸ್ವಲ್ಪ ಬೇರೆ. ಅಲ್ಲಿನ ನಿಯಮದ ಪ್ರಕಾರ ಕನಿಷ್ಠ ಕೂಲಿಯ ಎರಡು ಪಟ್ಟಾದರೂ ಕೊಡುತ್ತಿದ್ದರೆ ಮಾತ್ರ ಮಾಲೀಕ ಕೈಸಾಮಾನು ನೀವೇ ತನ್ನಿ ಅನ್ನಬಹುದು. 2025ರಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಎರಡು ಪಟ್ಟು ಅಂದರೆ 33. ಮೇಲೆ ಹೇಳಿದ ದೇಶದ ನಡುವಿನ ಕೂಲಿ 23 ಕೂಡ ಇರಲಿಲ್ಲ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಈ ನಿಯಮ ದೇಶಪೂರ್ತಿ ಇದ್ದಿದ್ದರೆ ಟೂಲ್ ಟ್ರಕ್ಕಿನ ಗಿರಾಕಿ ಮೆಕ್ಯಾನಿಕ್ ಆಗಿರುತ್ತಿರಲಿಲ್ಲ, ಮಾಲೀಕನೇ ಆಗಿರುತ್ತಿದ್ದ. ಆಗ ಅವನು ಎಷ್ಟು ಬೆಲೆಯ ಪೆಟ್ಟಿಗೆ ತರುತ್ತಿದ್ದ? ಇಪ್ಪತ್ತು ಸಾವಿರದ್ದಂತೂ ಅಲ್ಲ.

ಕಾಲಿಗೆ ಕಟ್ಟಿದ ಅರ್ಧ ಟನ್

ಪೆಟ್ಟಿಗೆಯ ಬೆಲೆಪಟ್ಟಿಯಲ್ಲಿ ಕಾಣದ ಖರ್ಚು ಇನ್ನೊಂದಿದೆ. ಅಮೆರಿಕದಲ್ಲಿ ನುರಿತ ಮೆಕ್ಯಾನಿಕ್‌ಗಳು ಸಿಗುವುದಿಲ್ಲ ಅಂತ ಗ್ಯಾರೇಜುಗಳು ವರ್ಷಗಳಿಂದ ಗೋಳಾಡುತ್ತಿವೆ. ಇಂಥ ಹೊತ್ತಲ್ಲಿ ಸಂಬಳ ಏರಿಸಿಕೊಳ್ಳುವ ಸುಲಭದ ದಾರಿ ಪಕ್ಕದ ಗ್ಯಾರೇಜಿಗೆ ಹೋಗುವುದು. ಆದರೆ ಅರ್ಧ ಟನ್ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಕೂರುವುದಿಲ್ಲ. ಕೆಟ್ಟ ಕಾರು ಎತ್ತುವ ಲಾರಿ ಕರೆಸಬೇಕು. ಹೊಸ ಜಾಗದಲ್ಲಿ ಅಷ್ಟು ಅಗಲ ಗೋಡೆ ಬೇಕು. ಬೆಳಿಗ್ಗೆ ಜಗಳವಾಗಿ ಕೆಲಸ ಬಿಟ್ಟವನ ಇಡೀ ಬದುಕಿನ ಬಂಡವಾಳ ಸಂಜೆಯ ತನಕ ಅದೇ ಮಾಲೀಕನ ಛಾವಣಿಯ ಕೆಳಗೇ ಇರುತ್ತದೆ. ಇದನ್ನು ಮಾಲೀಕರೂ ಬಲ್ಲರು.

ಕಳವಿನ ವಿಷಯವೂ ಹೀಗೇ. ಗ್ಯಾರೇಜಿಗೆ ಬೆಂಕಿ ಬಿದ್ದರೆ, ಕನ್ನ ಬಿದ್ದರೆ ಮಾಲೀಕನ ವಿಮೆ ನೌಕರನ ಸಾಮಾನಿಗೂ ಸಿಗುತ್ತದೆ ಅಂತ ನಂಬಿ ಕೂರುವಂತಿಲ್ಲ. ಬರಹದಲ್ಲಿ ಕೇಳಬೇಕು, ಇಲ್ಲವಾದರೆ ಬೇರೆ ವಿಮೆ ಮಾಡಿಸಬೇಕು. ದುಬಾರಿ ಪೆಟ್ಟಿಗೆಯ ಬೀಗ ಗಟ್ಟಿಯೇ. ಆದರೆ ಕಳ್ಳನ ಹತ್ತಿರ ಗ್ರೈಂಡರ್ ಇದ್ದರೆ, ಅದೂ ಗ್ಯಾರೇಜಿನದ್ದೇ ಗ್ರೈಂಡರ್, ಯಾವ ಬೀಗವೂ ಬಹಳ ಹೊತ್ತು ನಿಲ್ಲುವುದಿಲ್ಲ.

ಪೆಟ್ಟಿಗೆ ನೋಡಿ ಮಣೆ

ಲೆಕ್ಕ ಇಷ್ಟು ಸ್ಪಷ್ಟ ಇದ್ದರೂ ಜನ ಕೊಳ್ಳುತ್ತಾರೆ. ಪೆದ್ದರು ಅಂತಲ್ಲ. ದಿನಕ್ಕೆ ಒಂಬತ್ತು ಹತ್ತು ಗಂಟೆ ನಿಲ್ಲುವ ಜಾಗದಲ್ಲಿ ತನ್ನದು ಅಂತ ಇರುವುದು ಆ ಪೆಟ್ಟಿಗೆ ಒಂದೇ. ಅಲ್ಲಿ ಮಕ್ಕಳ ಫೋಟೋ ಅಂಟಿಸಿರುತ್ತಾರೆ, ಊಟ ಇಟ್ಟಿರುತ್ತಾರೆ. ಹೊಸದಾಗಿ ಸೇರಿದವನನ್ನು ಉಳಿದವರು ಅಳೆಯುವುದೂ ಪೆಟ್ಟಿಗೆ ನೋಡಿಯೇ. ಇಪ್ಪತ್ತು ವರ್ಷ ದುಡಿದು, ಸಾಲ ಇಲ್ಲದೆ, ಕೈಯಲ್ಲಿ ದುಡ್ಡಿಟ್ಟುಕೊಂಡು ಇಷ್ಟಪಟ್ಟು ಕೊಳ್ಳುವವನಿಗೆ ಬೇಡ ಅನ್ನಲು ನಾವ್ಯಾರು? ಅದು ಅವನ ಖುಷಿ. ಅದಕ್ಕೆ ಲೆಕ್ಕದ ಸಬೂಬು ಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಂಪನಿಗಳು ತಾಂತ್ರಿಕ ಶಾಲೆಯಲ್ಲಿ ಓದುವ ಹುಡುಗರಿಗೆ ಸಾಮಾನಿನ ಮೇಲೆ ದೊಡ್ಡ ರಿಯಾಯಿತಿ ಕೊಡುತ್ತವೆ. ಅದು ಒಳ್ಳೆಯದೇ, ಅದನ್ನು ಬಿಡದೆ ಬಳಸಿಕೊಳ್ಳಬೇಕು. ಆದರೆ ಆ ಪರಿಚಯದಲ್ಲೇ ಮೊದಲ ಕೆಲಸ ಸಿಕ್ಕ ವರ್ಷ ದೊಡ್ಡ ಪೆಟ್ಟಿಗೆಯ ಸಾಲಕ್ಕೆ ಸಹಿ ಬೀಳುತ್ತದೆ. ಆಗ ಆ ಹುಡುಗನ ಹತ್ತಿರ ಅದರ ಮೂರನೇ ಒಂದು ಭಾಗ ತುಂಬಿಸುವಷ್ಟೂ ಸಾಮಾನು ಇರುವುದಿಲ್ಲ. ಈ ಕೆಲಸ ತನಗೆ ಒಗ್ಗುತ್ತದಾ ಅನ್ನುವುದೂ ಗೊತ್ತಿರುವುದಿಲ್ಲ. ಎರಡು ವರ್ಷಕ್ಕೆ ಕೆಲಸ ಬಿಟ್ಟರೆ ಸಾಲ ಮಾತ್ರ ಜೊತೆಗೆ ಬರುತ್ತದೆ.

ಆ ಸಾಲದಿಂದಲೇ ಬೇರೆಯವರಿಗೆ ಒಂದು ಒಳ್ಳೆಯ ದಾರಿ ತೆರೆದುಕೊಂಡಿದೆ. ಕೆಲಸ ಬಿಟ್ಟವರು, ನಿವೃತ್ತರಾದವರು ಮಾರುವ ಹಳೆಯ ಪೆಟ್ಟಿಗೆಗಳು ಹೊಸದರ ಅರ್ಧ ಬೆಲೆಗೆ, ಎಷ್ಟೋ ಸಲ ಅದಕ್ಕೂ ಕಡಿಮೆಗೆ ಸಿಗುತ್ತವೆ. ಗಟ್ಟಿ ತಗಡು ಹತ್ತು ವರ್ಷದಲ್ಲಿ ಸವೆಯುವುದಿಲ್ಲ. ಲಾರಿ ಮೆಕ್ಯಾನಿಕ್ ಆಗಿ ನಿಜವಾಗಿಯೂ ಬಲದ ಡ್ರಾಯರ್ ಬೇಕಾದವರು ನೋಡಬೇಕಾದ್ದು ಇಲ್ಲೇ. ಹೋದಾಗ ಕೆಳಗಿನ ಅಗಲದ ಡ್ರಾಯರನ್ನು ಸಾಮಾನು ತುಂಬಿರುವಾಗಲೇ ಎಳೆಯಿರಿ. ಖಾಲಿ ಮಾಡಿ ಒರೆಸಿ ಇಟ್ಟಿದ್ದರೆ ನೀವೇ ಒಂದು ಭಾರದ ವಸ್ತು ಹಾಕಿ ಎಳೆಯಿರಿ. ಚಕ್ರದ ಮೇಲಿನ ತಗಡು ಒಳಕ್ಕೆ ಬಾಗಿದೆಯಾ ಅಂತ ಮಂಡಿಯೂರಿ ನೋಡಿ. ಹಳಿಗಳು ಈಗಲೂ ಬಿಡಿಯಾಗಿ ಸಿಗುತ್ತವಾ, ಮೊದಲ ಮಾಲೀಕನಿಗೆ ಕೊಟ್ಟ ವಾರಂಟಿ ನಿಮಗೂ ನಡೆಯುತ್ತದಾ ಅಂತ ಟ್ರಕ್ಕಿನವನನ್ನೇ ಕೇಳಿ.

ದುಡ್ಡು ಕೊಡುವ ಮೊದಲು ಸಾಲ ತೀರಿದ ಕಾಗದ ಕೈಗೆ ಬರಬೇಕು. ಕಂತು ಬಾಕಿ ಇರುವ ಪೆಟ್ಟಿಗೆಯ ಮೇಲೆ ಸಾಲ ಕೊಟ್ಟ ಕಂಪನಿಯ ಹಕ್ಕು ಉಳಿದಿರುತ್ತದೆ. ಮಾರಿದವನು ಕಂತು ನಿಲ್ಲಿಸಿದರೆ ಅವರು ಹುಡುಕಿಕೊಂಡು ಬರುವುದು ಪೆಟ್ಟಿಗೆ ಇರುವ ಜಾಗಕ್ಕೆ. ಒಳಗಿನ ಸಾಮಾನನ್ನು ನೆಲಕ್ಕೆ ಸುರಿದುಕೊಂಡು ತಗಡನ್ನು ಅವರಿಗೆ ಬಿಟ್ಟುಕೊಡಬೇಕಾಗುತ್ತದೆ.